ಮನೆ ಸಾಮಾನು ಸಾಗಿಸುವ, ಕಾಪಿಡುವ ಕುಟುಂಬದ ಉದ್ಯಮ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಮಾನು ಸಾಗಿಸುವವರೇ ಗೋದಾಮನ್ನೂ ಯಾಕೆ ಇಟ್ಟುಕೊಳ್ಳುತ್ತಾರೆ?

ಹಳೇ ಮನೆ ಬಿಡುವ ದಿನ ಮತ್ತು ಹೊಸ ಮನೆಯ ಬೀಗದ ಕೈ ಸಿಗುವ ದಿನ ಒಂದೇ ಆಗುವುದು ಅಪರೂಪ. ನಡುವಿನ ವಾರಕ್ಕೋ ವರ್ಷಕ್ಕೋ ಸಾಮಾನಿಗೆ ಒಂದು ಸೂರು ಬೇಕು. ಕುದುರೆ ಗಾಡಿಯ ಕಾಲದಲ್ಲೂ ಇದೇ ಕಥೆ. ಗಾಡಿ ಇದ್ದವರು ಲಾಯದ ಪಕ್ಕದ ಕೊಟ್ಟಿಗೆಯಲ್ಲಿ ನಾಲ್ಕು ಕುರ್ಚಿ ಇಡಲು ಜಾಗ ಕೊಟ್ಟರು, ಬರಬರುತ್ತಾ ಆ ಕೊಟ್ಟಿಗೆಯೇ ಗೋದಾಮಾಯಿತು.

ಇದರ ಹಿಂದೆ ಹಣದ ಲೆಕ್ಕವೂ ಇದೆ. ಸಾಗಣೆಯ ಆದಾಯ ಏರುಪೇರಿನದು. ತಿಂಗಳ ಕೊನೆ ಮತ್ತು ಶಾಲಾ ರಜೆಯ ಹೊತ್ತಿನಲ್ಲಿ ಲಾರಿ ಸಾಲುವುದಿಲ್ಲ, ಉಳಿದ ದಿನ ಲಾರಿ ನಿಂತೇ ಇರುತ್ತದೆ. ಗೋದಾಮಿನ ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಕೆಲಸ ಕಡಿಮೆ ಇರುವ ತಿಂಗಳಲ್ಲಿ ಆಳುಗಳ ಸಂಬಳ ಹುಟ್ಟುವುದು ಆ ಬಾಡಿಗೆಯಿಂದಲೇ. ಎರಡು ಮೂರು ತಲೆಮಾರು ಉಳಿದ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಈ ಎರಡು ಕಾಲುಗಳೂ ಇರುತ್ತವೆ.

ಈ ಕಸುಬು ಎಷ್ಟು ಹಳೆಯದು?

ಸರಕು ಹೊರುವ ಕಸುಬು ಬಹಳ ಹಳೆಯದು. ಇಂಗ್ಲೆಂಡಿನ ಪಿಕ್‌ಫರ್ಡ್ ಕುಟುಂಬದ ಬೇರು 17ನೇ ಶತಮಾನದ್ದು. ಮೊದಲು ಕುದುರೆಗಳ ಮೇಲೆ ಹೇರು, ಆಮೇಲೆ ಬಂಡಿ, ಆಮೇಲೆ ಕಾಲುವೆಯ ದೋಣಿ. 1817ರ ಹೊತ್ತಿಗೆ ಆ ಮನೆತನ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಹೊರಗಿನಿಂದ ಪಾಲುದಾರರಾಗಿ ಬಂದ ಜೋಸೆಫ್ ಬ್ಯಾಕ್ಸೆಂಡೇಲ್ ಸಂಸ್ಥೆಯನ್ನು ಎತ್ತಿ ನಿಲ್ಲಿಸಿದರು. ಹೆಸರು ಹಳೇ ಮನೆತನದ್ದೇ ಉಳಿಯಿತು, ಆಡಳಿತ ಬೇರೆ ಮನೆತನದ ಕೈಗೆ ಹೋಯಿತು. ಆಗ ಅವರು ಹೊರುತ್ತಿದ್ದುದು ಹೆಚ್ಚಾಗಿ ವ್ಯಾಪಾರದ ಸರಕು. ಮನೆ ಸಾಮಾನಿನ ಸಾಗಣೆ ಅವರಲ್ಲಿ ಮುಖ್ಯ ಕೆಲಸವಾದದ್ದು ಬಹಳ ತಡವಾಗಿ.

ಮನೆ ಸಾಮಾನಿಗೆಂದೇ ರೂಪಿಸಿದ ಗಾಡಿ ಬೇಕೆನಿಸಿದ್ದು 19ನೇ ಶತಮಾನದಲ್ಲಿ. ಲಂಡನ್ನಿನ ಬೆಲ್‌ಗ್ರೇವಿಯಾದಲ್ಲಿ ಸುಮಾರು 1830ರಲ್ಲಿ ಪ್ಯಾಂಟೆಕ್ನಿಕನ್ ಎಂಬ ದೊಡ್ಡ ಕಟ್ಟಡ ಎದ್ದಿತು. ಅದು ಅಂಗಡಿಗಳ ಸಾಲಾಗಿಯೂ ಪೀಠೋಪಕರಣಗಳ ಗೋದಾಮಾಗಿಯೂ ಬಳಕೆಯಾಯಿತು. ಅಲ್ಲಿಗೆ ಸಾಮಾನು ತರುತ್ತಿದ್ದ ಮುಚ್ಚಿದ ಗಾಡಿಗಳಿಗೂ ಅದೇ ಹೆಸರು ಅಂಟಿಕೊಂಡಿತು. ಆ ಗಾಡಿಯ ರಚನೆ ಜಾಣತನದ್ದು. ಹಿಂದಿನ ಅಚ್ಚನ್ನು ನಡುವೆ ಕೆಳಕ್ಕೆ ಬಾಗಿಸಿ ಗಾಡಿಯ ತಳವನ್ನು ಚಕ್ರಗಳ ನಡುವೆ ತಗ್ಗಿಗೆ ಇಳಿಸಿದ್ದರು. ತಳ ಎಷ್ಟು ತಗ್ಗಿನಲ್ಲಿದ್ದರೆ ಬೀರು ಎತ್ತುವವರ ಬೆನ್ನಿಗೆ ಅಷ್ಟು ಸುಖ. ಇಂದಿಗೂ ಮನೆ ಸಾಮಾನಿನ ಲಾರಿಗಳಲ್ಲಿ ತಗ್ಗು ತಳ ಹುಡುಕುವುದು ಅದೇ ಕಾರಣಕ್ಕೆ.

ಪ್ಯಾಂಟೆಕ್ನಿಕನ್ ಕಟ್ಟಡ ಏನಾಯಿತು?

1874ರಲ್ಲಿ ಸುಟ್ಟುಹೋಯಿತು. ಬೆಂಕಿ ತಾಗದ ಕಟ್ಟಡ ಎಂದು ಹೆಸರಾಗಿದ್ದ ಜಾಗವದು. ಗೋಡೆ ಬೆಂಕಿ ತಡೆದರೂ ಒಳಗೆ ಇರುವುದೆಲ್ಲ ಮರ, ಬಟ್ಟೆ, ಹತ್ತಿ, ಕಾಗದ. ಆದ್ದರಿಂದ ಗೋದಾಮಿನ ಮಾಲೀಕರನ್ನು ಕೇಳಬೇಕಾದ್ದು ಬೇರೆ: ಒಳಜಾಗವನ್ನು ಬೆಂಕಿ ತಡೆಯುವ ಅಡ್ಡಗೋಡೆ, ಕಬ್ಬಿಣದ ಬಾಗಿಲುಗಳಿಂದ ಎಷ್ಟು ಭಾಗ ಮಾಡಿದ್ದೀರಿ? ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದೆಯೇ? ಅದರ ಬಾಯಿಗೂ ಪೇರಿಸಿದ ಸಾಮಾನಿನ ತಲೆಗೂ ನಡುವೆ ಕನಿಷ್ಠ ಒಂದೂವರೆ ಅಡಿ ಖಾಲಿ ಬಿಟ್ಟಿದ್ದೀರಾ? ಆ ಜಾಗಕ್ಕೂ ಪೆಟ್ಟಿಗೆ ತುರುಕಿದರೆ ನೀರು ಹರಡುವುದೇ ಇಲ್ಲ.

ಚಿಕ್ಕ ಕುಟುಂಬ ಸಂಸ್ಥೆಗಳು ದೂರದೂರಿನ ಸಾಗಣೆಗೆ ಹೇಗೆ ಇಳಿದವು?

ಲಾರಿ ಬಂದ ಮೇಲೆ ದೂರ ಹೋಗುವುದು ಸುಲಭವಾಯಿತು, ವಾಪಸು ಬರುವುದೇ ಕಷ್ಟವಾಯಿತು. ಹೋಗುವಾಗ ತುಂಬಿದ ಲಾರಿ ಬರುವಾಗ ಖಾಲಿ ಬಂದರೆ ಆ ಖರ್ಚೂ ಗಿರಾಕಿಯ ತಲೆ ಮೇಲೇ. ಅಮೆರಿಕದಲ್ಲಿ ಊರೂರಿನ ಸ್ಥಳೀಯ ಸಂಸ್ಥೆಗಳು ಸೇರಿ 1928ರಲ್ಲಿ ಅಲೈಡ್ ವ್ಯಾನ್ ಲೈನ್ಸ್ ಕಟ್ಟಿಕೊಂಡದ್ದು ಮುಖ್ಯವಾಗಿ ಈ ವಾಪಸು ಹೊರೆ ಹಂಚಿಕೊಳ್ಳಲು. ಒಬ್ಬರು ಮನೆಗೆ ಹೋಗಿ ಸಾಮಾನು ಅಳೆದು ಪ್ಯಾಕ್ ಮಾಡುತ್ತಾರೆ, ಇನ್ನೊಬ್ಬರ ಲಾರಿ ಒಯ್ಯುತ್ತದೆ, ಮೂರನೆಯವರ ಗೋದಾಮಿನಲ್ಲಿ ಇಳಿಯುತ್ತದೆ. ಚಿಕ್ಕ ಸಂಸ್ಥೆ ಚಿಕ್ಕದಾಗಿಯೇ ಉಳಿದು ದೂರದ ಕೆಲಸ ಹಿಡಿಯಲು ಇದರಿಂದ ದಾರಿಯಾಯಿತು. ಆದರೆ ಸಾಮಾನು ಮೂರು ಕೈ ಬದಲಾಯಿಸಿದರೆ ಗೀರು ಯಾರ ಕೈಯಲ್ಲಿ ಬಿತ್ತು ಎಂಬ ಜಗಳ ಶುರುವಾಗುತ್ತದೆ. ಅದಕ್ಕೆ ಉತ್ತರ ಸಾಮಾನಿನ ಪಟ್ಟಿ. ಮುಂದೆ ವಿವರವಾಗಿ ಹೇಳಿದ್ದೇವೆ.

ಹಡಗಿನ ಕಂಟೇನರ್‌ಗೂ ಈ ಕಸುಬಿಗೂ ಏನು ಸಂಬಂಧ?

ಬಹಳ ಇದೆ. ಹಡಗಿನ ಕಂಟೇನರ್ ಸಾಗಣೆಗೆ ದಾರಿ ಮಾಡಿದ ಅಮೆರಿಕದ ಮಾಲ್ಕಂ ಮೆಕ್ಲೀನ್ ತಮ್ಮ ಸಹೋದರಿ, ಸಹೋದರರ ಜೊತೆ ಲಾರಿ ಸಂಸ್ಥೆ ನಡೆಸುತ್ತಿದ್ದವರು. 1956ರ ಏಪ್ರಿಲ್ 26ರಂದು ಅವರ ಐಡಿಯಲ್ ಎಕ್ಸ್ ಹಡಗು 58 ಕಂಟೇನರ್ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಅದಕ್ಕೂ ಮುಂಚೆಯೇ ಮನೆ ಸಾಮಾನಿನವರು ಗಾಡಿಯ ಮೈಯನ್ನೇ ಚಕ್ರದಿಂದ ಕಳಚಿ ರೈಲಿನ ಮೇಲೋ ಹಡಗಿನ ಒಳಗೋ ಇಡುತ್ತಿದ್ದರು. ಸಾಮಾನು ಮುಟ್ಟದೆ ಪೆಟ್ಟಿಗೆಯನ್ನೇ ಎತ್ತುವ ಲಾಭ ಅವರಿಗೆ ಆಗಲೇ ತಿಳಿದಿತ್ತು.

20 ಅಡಿಯ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗವಿದೆ. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳ ಮೇಲೆ ಐಎಸ್‌ಪಿಎಂ 15 ಮುದ್ರೆ (ಮರದೊಳಗಿನ ಹುಳು ಸಾಯಿಸುವ ಉಪಚಾರ ಆಗಿದೆ ಎನ್ನುವ ಅಂತರರಾಷ್ಟ್ರೀಯ ಗುರುತು) ಇರಲೇಬೇಕು. ಶಾಖದ ಉಪಚಾರವಾದರೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ 30 ನಿಮಿಷ ಇಟ್ಟಿರಬೇಕು. ಮುದ್ರೆಯಿಲ್ಲದ ಒಂದೇ ಒಂದು ಹಲಗೆಗಾಗಿ ಇಡೀ ಕಂಟೇನರ್ ಬಂದರಿನಲ್ಲಿ ನಿಲ್ಲಬಹುದು.

ಸಾಮಾನು ಎಷ್ಟಿದೆ ಎಂದು ಅಂದಾಜು ಮಾಡುವುದು ಹೇಗೆ?

ಘನ ಅಡಿಯಲ್ಲಿ. ಉದ್ದ, ಅಗಲ, ಎತ್ತರ ಗುಣಿಸುವುದಕ್ಕಿಂತ ವಸ್ತು ಲಾರಿಯಲ್ಲಿ ನುಂಗುವ ಜಾಗ ಮುಖ್ಯ. ಮೂರು ಜನ ಕೂರುವ ಸೋಫಾಗೆ ಸುಮಾರು 50 ಘನ ಅಡಿ, ನೆಟ್ಟಗೆ ನಿಲ್ಲುವ ಪಿಯಾನೋಗೆ ಸುಮಾರು 70 ಎಂದು ಹಿಡಿಯುತ್ತಾರೆ. ರಟ್ಟಿನ ಪೆಟ್ಟಿಗೆಗಳು ಒಂದೂವರೆ, ಮೂರು, ನಾಲ್ಕೂವರೆ ಘನ ಅಡಿಯವು. ತೂಕ ಬೇಕಾದರೆ ಘನ ಅಡಿಗೆ 7 ಪೌಂಡ್, ಅಂದರೆ ಸುಮಾರು 3.2 ಕಿಲೋ ಎಂದು ಗುಣಿಸುವುದು ಹಳೇ ರೂಢಿ. ಪುಸ್ತಕ ಹೆಚ್ಚಿರುವ ಮನೆಯಲ್ಲಿ ಈ ಲೆಕ್ಕ ತಪ್ಪುತ್ತದೆ.

ಅಂದಾಜು ಕೆಡುವುದು ಕಣ್ಣಿಗೆ ಕಾಣುವ ಸೋಫಾದಿಂದಲ್ಲ, ಕಾಣದ ಜಾಗಗಳಿಂದ: ಅಟ್ಟ, ಮಂಚದ ಕೆಳಗಿನ ಪೆಟ್ಟಿಗೆ, ಬಾಲ್ಕನಿಯ ಕುಂಡಗಳು, ಅಡುಗೆಮನೆಯ ಮೇಲಿನ ಕಪಾಟು. ಫೋನಿನಲ್ಲಿ ಕೇಳಿ ಬೆಲೆ ಹೇಳುವವರು ಇವನ್ನು ಬಿಡುತ್ತಾರೆ, ಲೋಡಿಂಗ್ ದಿನ ಲಾರಿ ಸಾಲದೆ ಬೆಲೆ ಏರಿಸುತ್ತಾರೆ. ಒಬ್ಬರು ಮನೆಗೆ ಬಂದು ಪ್ರತಿ ಕಪಾಟಿನ ಬಾಗಿಲು ತೆಗೆಸಿ ನೋಡಬೇಕು. ಮೆಟ್ಟಿಲಿನ ತಿರುವು, ಲಿಫ್ಟಿನ ಅಗಲ, ಲಾರಿ ನಿಲ್ಲುವ ಜಾಗದಿಂದ ಬಾಗಿಲವರೆಗಿನ ದೂರವನ್ನೂ ಬರೆದುಕೊಳ್ಳಬೇಕು.

ಸಾಮಾನಿನ ಪಟ್ಟಿಗೆ ಅಷ್ಟು ಮಹತ್ವ ಯಾಕೆ?

ಲಾರಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಬೇರೆಯವರ ಮನೆಯನ್ನು ತಿಂಗಳುಗಟ್ಟಲೆ ತನ್ನ ಸೂರಿನಡಿ ಇಟ್ಟುಕೊಂಡು, ಚಮಚ ಸಮೇತ ತಿರುಗಿ ಒಪ್ಪಿಸುವುದೇ ಕಸುಬು. ಅದು ನಿಂತಿರುವುದು ಪಟ್ಟಿಯ ಮೇಲೆ.

ಒಳ್ಳೆಯ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ಅಂಟು ಚೀಟಿ, ಅದರಲ್ಲಿ ಗಿರಾಕಿಯ ಲಾಟ್ ಸಂಖ್ಯೆ (ಒಬ್ಬ ಗಿರಾಕಿಯ ಒಟ್ಟು ಸಾಮಾನಿಗೆ ಕೊಡುವ ಸಂಖ್ಯೆ) ಮತ್ತು ವಸ್ತುವಿನ ಸರಣಿ ಸಂಖ್ಯೆ ಇರುತ್ತದೆ. ಒಂದು ಲಾಟಿಗೆ ಒಂದೇ ಬಣ್ಣ. ಗೋದಾಮಿನಲ್ಲಿ ಹಳದಿ ಚೀಟಿಗಳ ನಡುವೆ ಹಸಿರು ಚೀಟಿಯ ಕುರ್ಚಿ ಕಂಡರೆ ದೂರದಿಂದಲೇ ತಪ್ಪು ಗೊತ್ತಾಗುತ್ತದೆ. ಚೀಟಿಯನ್ನು ಪಾಲಿಶ್ ಮಾಡಿದ ಮುಂಭಾಗಕ್ಕೆ ಅಂಟಿಸಬಾರದು, ವರ್ಷ ಕಳೆದ ಮೇಲೆ ಕಿತ್ತರೆ ಪಾಲಿಶ್ ಚೀಟಿಯ ಜೊತೆಗೇ ಬರುತ್ತದೆ. ಹಿಂಬದಿಯ ಒರಟು ಮರವೇ ಅದಕ್ಕೆ ಜಾಗ.

ಆಮೇಲೆ ಸ್ಥಿತಿ. ಅಮೆರಿಕದ ಪಟ್ಟಿಗಳಲ್ಲಿ ಸಂಕೇತಗಳಿವೆ: ಎಸ್‌ಸಿ ಎಂದರೆ ಗೀರು, ಸಿಎಚ್ ಎಂದರೆ ಚಕ್ಕೆ ಎದ್ದಿದೆ, ಡಿ ಎಂದರೆ ತಗ್ಗು, ಬಿಆರ್ ಎಂದರೆ ಮುರಿದಿದೆ. ಜಾಗಕ್ಕೆ ಅಂಕಿಗಳು: ಮೂಲೆಗೆ ಒಂದು ಅಂಕಿ, ಕಾಲಿಗೆ ಇನ್ನೊಂದು, ಹಿಂಬದಿಗೆ ಮತ್ತೊಂದು. ಎರಡನ್ನೂ ಸೇರಿಸಿ ಬರೆದರೆ ಯಾವ ಬದಿಯ ಯಾವ ಮೂಲೆಯಲ್ಲಿ ಏನಾಗಿದೆ ಎಂಬುದು ಒಂದೇ ಸಾಲಿನಲ್ಲಿ ಸಿಗುತ್ತದೆ. ಪಿಬಿಒ ಎಂದಿದ್ದರೆ ಪೆಟ್ಟಿಗೆ ತುಂಬಿದವರು ಮನೆಯವರು, ಸಿಪಿ ಎಂದಿದ್ದರೆ ಸಂಸ್ಥೆಯವರು. ಪರಿಹಾರ ಕೇಳುವಾಗ ಈ ಎರಡು ಸಂಕೇತ ಎಲ್ಲಕ್ಕಿಂತ ಮುಖ್ಯ. ಎಂಸಿಯು ಎಂದರೆ ಯಂತ್ರ ಓಡುತ್ತದೋ ಇಲ್ಲವೋ ಪರೀಕ್ಷಿಸಿಲ್ಲ ಎಂದರ್ಥ. ಟಿವಿಯ ಮುಂದೆ ಹಾಗೆ ಬರೆದಿದ್ದರೆ ಪಟ್ಟಿ ಬರೆಯುವವರ ಎದುರಿಗೇ ಟಿವಿ ಹಾಕಿ ತೋರಿಸಿ, ಸಾಲು ತಿದ್ದಿಸಿ.

ಹೊಸ ಮೇಜಿನ ಮುಂದೂ ‘ಗೀರು, ಸವೆತ’ ಎಂದು ಬರೆದ ಪಟ್ಟಿ ಸಂಸ್ಥೆ ತನ್ನ ಬೆನ್ನು ಕಾಯ್ದುಕೊಳ್ಳುವ ಪಟ್ಟಿ. ಒಪ್ಪದಿದ್ದರೆ ಸಹಿಯ ಪಕ್ಕದಲ್ಲೇ, ವಸ್ತು ಸಂಖ್ಯೆ ಹಾಕಿ ಆಕ್ಷೇಪ ಬರೆಯಿರಿ. ಇಳಿಸುವಾಗ ಒಬ್ಬರು ಬಾಗಿಲಲ್ಲಿ ನಿಂತು ಸಂಖ್ಯೆ ಕೂಗಿದಂತೆ ಗುರುತು ಹಾಕಬೇಕು. ಗುರುತು ಬೀಳದ ಸಂಖ್ಯೆ ಉಳಿದರೆ ಲಾರಿ ಹೊರಡುವ ಮುಂಚೆಯೇ ಹುಡುಕಿಸಬೇಕು.

ಪಾತ್ರೆ, ಗಾಜು ಒಡೆಯದಂತೆ ಪ್ಯಾಕ್ ಮಾಡುವುದು ಹೇಗೆ?

ಗಾಜು ಒಡೆಯುವುದು ಹೆಚ್ಚಾಗಿ ಪೆಟ್ಟಿಗೆಯೊಳಗಿನ ಅಲುಗಾಟದಿಂದ. ಐದು ಪದರದ ಪೆಟ್ಟಿಗೆ ಆರಿಸಿ, ಮೂರು ಪದರದ್ದು ಬಟ್ಟೆಗೆ ಸಾಕು. ತಳದ ಜೋಡಣೆಯ ಉದ್ದಕ್ಕೂ ಒಂದು ಟೇಪ್, ಎರಡು ಅಂಚಿಗೂ ಒಂದೊಂದು. ತಳದಲ್ಲಿ ಮುದುರಿದ ಕಾಗದ ನಾಲ್ಕು ಬೆರಳು ದಪ್ಪ ಹಾಸಿ. ಅಚ್ಚಾದ ಪತ್ರಿಕೆಯ ಮಸಿ ಪಿಂಗಾಣಿಯ ಚಿನ್ನದ ಅಂಚಿಗೆ ಹತ್ತಿದರೆ ಹೋಗುವುದು ಕಷ್ಟ, ಆದ್ದರಿಂದ ಅಚ್ಚಾಗದ ನ್ಯೂಸ್‌ಪ್ರಿಂಟ್ ಬಳಸಿ. ಪ್ರತಿ ತಟ್ಟೆಗೂ ಎರಡು ಹಾಳೆ, ಅಂತಹ ನಾಲ್ಕನ್ನು ಮತ್ತೊಂದು ಹಾಳೆಯಲ್ಲಿ ಕಟ್ಟಿ, ಆ ಕಟ್ಟನ್ನು ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿದ ತಟ್ಟೆಯ ನಡುಭಾಗ ಲಾರಿ ಹಾರಿದಾಗ ಮೇಲಿನ ಭಾರಕ್ಕೆ ಬಿರಿಯುತ್ತದೆ, ನಿಂತ ತಟ್ಟೆಯಲ್ಲಿ ಹೊಡೆತ ಅಂಚಿಗೆ ಹೋಗುತ್ತದೆ. ಬಟ್ಟಲು ಅದರ ಮೇಲೆ, ಲೋಟ ಎಲ್ಲಕ್ಕಿಂತ ಮೇಲೆ, ಬಾಯಿ ಕೆಳಗೆ ಮಾಡಿ. ಸಾಲುಗಳ ನಡುವೆ ರಟ್ಟಿನ ಹಾಳೆ.

ಮುಚ್ಚುವ ಮುನ್ನ ಪೆಟ್ಟಿಗೆಯನ್ನು ಮೆಲ್ಲಗೆ ತೂಗಿ. ಸದ್ದು ಬಂದರೆ ಕಾಗದ ಕಡಿಮೆಯಾಗಿದೆ. ಮುಚ್ಚಳದ ಮೇಲೆ ಅಂಗೈ ಒತ್ತಿದರೆ ತಗ್ಗಬಾರದು. ಅರ್ಧ ಖಾಲಿ ಪೆಟ್ಟಿಗೆ ಮೇಲಿನ ಭಾರಕ್ಕೆ ಕುಸಿಯುತ್ತದೆ, ಅದರೊಂದಿಗೆ ಇಡೀ ಸಾಲು ವಾಲುತ್ತದೆ.

ಪುಸ್ತಕಕ್ಕೆ ಒಂದೂವರೆ ಘನ ಅಡಿಯ ಪೆಟ್ಟಿಗೆಯೇ ಬೇಕು, ದೊಡ್ಡದರಲ್ಲಿ ತುಂಬಿದರೆ ತಳ ಹರಿಯುತ್ತದೆ. ಪೆಟ್ಟಿಗೆ ಪೇರಿಸುವಾಗ ಮೂಲೆಯ ಮೇಲೆ ಮೂಲೆ ಬರಲಿ. ಇಟ್ಟಿಗೆ ಕಟ್ಟಿದಂತೆ ಅಡ್ಡಾದಿಡ್ಡಿ ಇಟ್ಟರೆ ಗಟ್ಟಿಯಾಗಿ ಕಾಣುತ್ತದೆ, ಆದರೆ ರಟ್ಟಿನ ಪೆಟ್ಟಿಗೆ ಭಾರ ಹೊರುವುದು ಮೂಲೆಗಳಲ್ಲಿ. ತೇವ ಹಿಡಿದ ರಟ್ಟಿನ ಬಲ ಬಹಳ ಇಳಿಯುತ್ತದೆ, ಮಳೆಗಾಲದ ಗೋದಾಮಿನಲ್ಲಿ ಎತ್ತರ ಪೇರಿಸಬೇಡಿ.

ಲಾರಿ ತುಂಬುವ ಕ್ರಮ ಯಾವುದು?

ಮುಂದಿನಿಂದ ಹಿಂದಕ್ಕೆ, ನೆಲದಿಂದ ಚಾವಣಿಗೆ, ಗೋಡೆ ಕಟ್ಟಿದ ಹಾಗೆ. ಫ್ರಿಜ್, ವಾಷಿಂಗ್ ಮೆಷಿನ್, ಬೀರುಗಳಂತಹ ಭಾರದವು ಕ್ಯಾಬಿನ್ ಹತ್ತಿರ, ಎಡ ಬಲ ತೂಕ ಸಮ ಮಾಡಿ. ಪ್ರತಿ ಗೋಡೆ ಎರಡರಿಂದ ಮೂರು ಅಡಿ ದಪ್ಪ: ಕೆಳಗೆ ಬೀರು, ಅದರ ಮೇಲೆ ಚಿಕ್ಕ ಮೇಜು, ಮೇಲೆ ಕುರ್ಚಿ ಮತ್ತು ಹಗುರ ಪೆಟ್ಟಿಗೆ. ಒಂದು ಗೋಡೆ ಮುಗಿದರೆ ಅದಕ್ಕೊಂದು ಬೆಲ್ಟ್ ಬಿಗಿದು ಮುಂದಿನದು ಶುರು. ಎಲ್ಲ ತುಂಬಿದ ಮೇಲೆ ಕೊನೆಗೊಂದೇ ಬೆಲ್ಟ್ ಹಾಕಿದರೆ ನಡುವಿನದು ಸಡಿಲವಾಗಿಯೇ ಉಳಿಯುತ್ತದೆ. ಹಿಂದಿನ ಅಚ್ಚಿನಿಂದ ಆಚೆ ಚಾಚಿದ ಭಾಗ ಹೆಚ್ಚು ಕುಣಿಯುತ್ತದೆ, ಅಲ್ಲಿ ಹಾಸಿಗೆ, ಬಟ್ಟೆ, ದಿಂಬು. ಮರದ ಸಾಮಾನಿಗೆ ಮೊದಲು ಕಂಬಳಿ, ಅದರ ಮೇಲೆ ಸ್ಟ್ರೆಚ್ ಫಿಲ್ಮ್ (ಎಳೆದು ಸುತ್ತುವ ತೆಳು ಪ್ಲಾಸ್ಟಿಕ್). ಪಾಲಿಶ್ ಮೇಲೆ ನೇರವಾಗಿ ಫಿಲ್ಮ್ ಸುತ್ತಿದರೆ ಬಿಸಿಲಿಗೆ ಬೆವರು ಹಿಡಿದು ಬಿಳಿ ಕಲೆ ಏಳುತ್ತದೆ.

ಹೆಚ್ಚು ಕೆಡುವ ವಸ್ತುಗಳು ಯಾವುವು?

ಫ್ರಿಜ್: ಒಂದು ದಿನ ಮೊದಲೇ ಆರಿಸಿ, ಕರಗಿದ ನೀರು ಒರೆಸಿ, ನೆಟ್ಟಗೇ ಸಾಗಿಸಿ. ಮಲಗಿಸಲೇಬೇಕಾದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ, ಕಂಪ್ರೆಸರಿನ ಎಣ್ಣೆ ಕೊಳವೆಯಿಂದ ವಾಪಸು ಇಳಿಯಬೇಕು. ಗೋದಾಮಿನಲ್ಲಿ ಬಾಗಿಲು ಸ್ವಲ್ಪ ತೆರೆದೇ ಇರಲಿ, ಮುಚ್ಚಿಟ್ಟರೆ ಬೂಷ್ಟು.

ಮುಂದಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್: ಡ್ರಮ್ ಸ್ಪ್ರಿಂಗ್‌ಗಳಲ್ಲಿ ತೂಗಾಡುತ್ತಿರುತ್ತದೆ. ಡ್ರಮ್ ಅಲುಗದಂತೆ ಹಿಡಿಯಲು ಕೊಂಡಾಗ ಬಂದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹಿಂಬದಿಯಲ್ಲಿ ಮತ್ತೆ ಹಾಕಬೇಕು. ಹೊಸ ಮನೆಯಲ್ಲಿ ಅವನ್ನು ತೆಗೆಯದೆ ಓಡಿಸಿದರೆ ಮೆಷಿನ್ ಇಡೀ ಸ್ನಾನದ ಮನೆ ನಡುಗಿಸುತ್ತದೆ.

ಅಮೃತಶಿಲೆ, ಗಾಜಿನ ಹಲಗೆ, ಕನ್ನಡಿ: ಎಂದೂ ಮಲಗಿಸಬೇಡಿ. ಮಲಗಿದ ಕಲ್ಲು ತನ್ನ ಭಾರಕ್ಕೇ ನಡುವೆ ಬಿರಿಯುತ್ತದೆ.

ಲೋಲಕದ ಗಡಿಯಾರ: ಲೋಲಕ, ಗುಂಡುಗಳನ್ನು ಬಿಚ್ಚಿ ಬೇರೆ ಕಟ್ಟಿ.

ಗೋದಾಮಿನಲ್ಲಿ ಸಾಮಾನನ್ನು ಹೇಗೆ ಇಡಬೇಕು?

ಮೊದಲು ಕೋಣೆಗಳಲ್ಲಿ ರಾಶಿ ಹಾಕುತ್ತಿದ್ದರು. ಫೋರ್ಕ್‌ಲಿಫ್ಟ್ ಬಂದ ಮೇಲೆ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಗಳು ಬಂದವು, ಹೊರ ಅಳತೆ ಸುಮಾರು 5 ಅಡಿ, 7 ಅಡಿ, 7 ಅಡಿ. ಮನೆಯ ಬಾಗಿಲಲ್ಲೇ ತುಂಬಿ ಮುಚ್ಚಿ ಮೊಹರು ಹಾಕಿದರೆ ತಿರುಗಿ ತೆರೆಯುವುದು ಹೊಸ ಮನೆಯಲ್ಲೇ. ಮುಟ್ಟುವ ಕೈ ಕಡಿಮೆಯಾದಷ್ಟೂ ಏಟು ಕಡಿಮೆ. ಉದ್ದದ ಸೋಫಾ ಇದರಲ್ಲಿ ಹಿಡಿಯದು, ಅದಕ್ಕೆ ಬೇರೆ ರ್‍ಯಾಕ್ ಬೇಕು. ಆಗ ಅದು ಯಾವ ರ್‍ಯಾಕಿನಲ್ಲಿದೆ ಎಂದು ಪಟ್ಟಿಯಲ್ಲಿ ಬರೆಯದಿದ್ದರೆ ಕಳೆಯುವುದು ಅದೇ.

ಗಾಳಿಯಲ್ಲಿನ ತೇವ ನೂರಕ್ಕೆ 45ರಿಂದ 55ರೊಳಗಿದ್ದರೆ ಮರಕ್ಕೂ ಬಟ್ಟೆಗೂ ಹಿತ. 65 ದಾಟಿ ನಿಂತರೆ ಬೂಷ್ಟು ಬರುತ್ತದೆ, 35ಕ್ಕಿಂತ ಇಳಿದರೆ ಹಳೇ ಮರದ ಅಂಟು ಬಿಡುತ್ತದೆ. ನೆಲದಿಂದ ನಾಲ್ಕು ಅಂಗುಲ ಎತ್ತರಕ್ಕೆ, ಗೋಡೆಯಿಂದ ಗಾಳಿ ಆಡುವಷ್ಟು ದೂರಕ್ಕೆ ಇಡಿ. ಹಾಸಿಗೆಯನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ತಿಂಗಳುಗಟ್ಟಲೆ ಕಟ್ಟಿಡಬೇಡಿ. ನುಸಿಗುಳಿಗೆಯನ್ನು ಥರ್ಮೋಕೋಲ್ ಇರುವ ಪೆಟ್ಟಿಗೆಗೆ ಹಾಕಬೇಡಿ, ಅದರ ಆವಿ ಥರ್ಮೋಕೋಲನ್ನು ಕರಗಿಸಿ ವಸ್ತುವಿಗೆ ಅಂಟಿಸುತ್ತದೆ.

ಗೋದಾಮಿಗೆ ಕೊಡಬಾರದ್ದು ಏನು?

ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಬಣ್ಣ, ಥಿನ್ನರ್, ಬ್ಯಾಟರಿ, ತಿನ್ನುವ ಪದಾರ್ಥ, ಗಿಡ. ಒಡವೆ, ಹಣ, ಆಸ್ತಿಪತ್ರ, ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ.

ಬಾಡಿಗೆ ಕಟ್ಟದಿದ್ದರೆ?

ಬಹಳ ದೇಶಗಳ ಕಾನೂನಿನಲ್ಲಿ ಬಾಕಿ ತೀರುವವರೆಗೆ ಸಾಮಾನು ತಡೆಹಿಡಿಯುವ ಹಕ್ಕು ಗೋದಾಮಿನವರಿಗಿದೆ. ನಿಗದಿತ ನೋಟಿಸ್ ಕೊಟ್ಟ ಮೇಲೆ ಹರಾಜಿಗೂ ಅವಕಾಶವಿರುವ ಕಡೆಗಳಿವೆ. ಊರು ಬದಲಿಸಿದವರಿಗೆ ನೋಟಿಸ್ ಹಳೇ ವಿಳಾಸಕ್ಕೆ ಹೋಗುವುದೇ ದೊಡ್ಡ ಅನಾಹುತ. ವಿಳಾಸ ಬದಲಾದ ದಿನವೇ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

ಇಂತಹ ಕುಟುಂಬ ಸಂಸ್ಥೆಗಳು ಎಲ್ಲಿ ಮುರಿಯುತ್ತವೆ?

ಹೆಚ್ಚಾಗಿ ಗೋದಾಮಿನ ನೆಲದ ಮೇಲೆ. ಅಜ್ಜ ಊರಾಚೆ ಅಗ್ಗಕ್ಕೆ ಕೊಂಡ ಜಾಗ ಮೊಮ್ಮಕ್ಕಳ ಕಾಲಕ್ಕೆ ಊರ ನಡುವೆ ಬರುತ್ತದೆ. ಲಾರಿ ಓಡಿಸಿ ವರ್ಷವಿಡೀ ದುಡಿಯುವುದಕ್ಕಿಂತ ನೆಲ ಮಾರಿದರೆ ಬರುವುದೇ ಹೆಚ್ಚು. ಕೆಲಸ ಮಾಡುವ ಮಗಳಿಗೆ ಗೋದಾಮು ಬೇಕು, ಬೇರೆ ಊರಿನಲ್ಲಿರುವ ಅಣ್ಣನಿಗೆ ಅವನ ಪಾಲಿನ ಹಣ ಬೇಕು. ಇಬ್ಬರದೂ ನ್ಯಾಯವೇ. ನೆಲವನ್ನು ಒಂದು ಹೆಸರಿನಲ್ಲಿ, ಸಾಗಣೆಯ ವ್ಯವಹಾರವನ್ನು ಇನ್ನೊಂದು ಹೆಸರಿನಲ್ಲಿ ಇಟ್ಟು, ವ್ಯವಹಾರವು ನೆಲಕ್ಕೆ ಮಾರುಕಟ್ಟೆಯ ಬಾಡಿಗೆ ಕಟ್ಟುವಂತೆ ಕರಾರು ಮಾಡಿಕೊಂಡರೆ ಎಲ್ಲ ಪಾಲುದಾರರಿಗೂ ಆದಾಯವಿರುತ್ತದೆ, ಲಾರಿಯೂ ಓಡುತ್ತದೆ. ಅಜ್ಜ ಇರುವಾಗಲೇ ಆಗಬೇಕಾದ ಕೆಲಸ ಇದು.

ಷೇರು ಹಂಚುವುದರಲ್ಲೂ ಎಚ್ಚರ ಬೇಕು. ಲಿಯೊನಾರ್ಡ್ ಶೋಯೆನ್ ಮತ್ತು ಪತ್ನಿ ಆನಾ ಮೇರಿ ಕಾರ್ಟಿ ಶೋಯೆನ್ 1945ರಲ್ಲಿ ಟ್ರೇಲರ್ ಬಾಡಿಗೆಗೆ ಕೊಡುವ ಯು-ಹಾಲ್ ಕಟ್ಟಿದರು. ಷೇರುಗಳ ಬಹುಪಾಲನ್ನು ಮಕ್ಕಳಿಗೆ ಹಂಚಿದ್ದ ಲಿಯೊನಾರ್ಡ್, 1986ರಲ್ಲಿ ತಮ್ಮದೇ ಸಂಸ್ಥೆಯ ಹಿಡಿತ ಕಳೆದುಕೊಂಡರು.

ಬಹಳ ವರ್ಷದ ಸಂಸ್ಥೆ ಎಂಬ ಮಾತನ್ನು ಪರಿಶೀಲಿಸುವುದು ಹೇಗೆ?

ಫಲಕದ ಮೇಲಿನ ವರ್ಷ ನಂಬಬೇಡಿ. ಸಂಸ್ಥೆಯ ನೋಂದಣಿ ದಿನಾಂಕ, ತೆರಿಗೆ ನೋಂದಣಿ, ಲಾರಿಯ ದಾಖಲೆಯಲ್ಲಿರುವ ಮಾಲೀಕರ ಹೆಸರು, ವಿಮೆಯ ಪಾಲಿಸಿಯಲ್ಲಿರುವ ಹೆಸರು, ನಿಮಗೆ ಕೊಟ್ಟ ರಸೀದಿಯ ಹೆಸರು ಐದೂ ತಾಳೆಯಾಗಬೇಕು. ಹೆಸರು ಮಾತ್ರ ಕೊಂಡು ನಡೆಸುವವರೂ ಇದ್ದಾರೆ, ಅದು ತಪ್ಪಲ್ಲ. ಆದರೆ ನಷ್ಟವಾದರೆ ಉತ್ತರ ಕೊಡುವವರು ಯಾರು ಎಂಬುದು ಕರಾರಿನಲ್ಲಿರಬೇಕು. ಗೋದಾಮನ್ನು ಹೇಳದೆ ಹೋಗಿ ನೋಡಿ: ಒಂದು ಲಾಟ್ ಸಂಖ್ಯೆ ಹೇಳಿದರೆ ಎಷ್ಟು ಹೊತ್ತಿನಲ್ಲಿ ಹುಡುಕಿ ತೋರಿಸುತ್ತಾರೆ ಎಂಬುದರಿಂದಲೇ ಒಳಗಿನ ಶಿಸ್ತು ತಿಳಿಯುತ್ತದೆ.

ಸಂಸ್ಥೆಯ ಇತಿಹಾಸ ಬರೆಯಲು ಹೊರಟರೆ ಯಾವ ಕಾಗದ ಉಳಿಸಬೇಕು?

ಉದ್ಘಾಟನೆಯ ಫೋಟೊಗಳಿಗಿಂತ ಗೋದಾಮಿನ ಹಳೇ ರಿಜಿಸ್ಟರ್‌ಗಳಲ್ಲಿ ಹೆಚ್ಚು ಇತಿಹಾಸವಿದೆ. ಯಾವ ವರ್ಷ ಮೊದಲ ಫ್ರಿಜ್ ಬಂತು, ಹೊಲಿಗೆ ಯಂತ್ರ ಯಾವಾಗ ಕಡಿಮೆಯಾಯಿತು, ಜನ ಎಲ್ಲಿಂದ ಎಲ್ಲಿಗೆ ಹೋದರು ಎಲ್ಲ ಅದರಲ್ಲಿದೆ. ದರಪಟ್ಟಿ, ಸಂಬಳದ ಪುಸ್ತಕ, ಲಾರಿ ಕೊಂಡ ಬಿಲ್ಲು, ವಿಮೆಯ ಕಡತ, ಪರಿಹಾರ ಕೊಟ್ಟ ಪತ್ರಗಳನ್ನೂ ಉಳಿಸಿ. ಗಿರಾಕಿಗಳ ಹೆಸರು, ವಿಳಾಸಗಳನ್ನು ಪ್ರಕಟಿಸುವ ಮುನ್ನ ಮರೆಮಾಡಿ. ರಿಜಿಸ್ಟರ್‌ಗಳಿಗೆ ಹಾಕಿದ ಕಬ್ಬಿಣದ ಪಿನ್ನು, ರಬ್ಬರ್ ಬ್ಯಾಂಡ್ ಮೊದಲು ತೆಗೆಯಿರಿ, ತುಕ್ಕೂ ಕರಗಿದ ರಬ್ಬರೂ ಹಾಳೆ ತಿನ್ನುತ್ತವೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಲಗಿಸಿ, ನೆಲದಿಂದ ಮೇಲಿಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಒಮ್ಮೆ ಮಾಡಿದರೆ ಬಿಡಿಸಲು ಬರುವುದಿಲ್ಲ. ಹಳೇ ಚಾಲಕರು, ಲೋಡಿಂಗ್ ಮಾಡಿದವರು ಬದುಕಿದ್ದರೆ ಅವರೊಂದಿಗೆ ಕುಳಿತು ರಿಜಿಸ್ಟರಿನ ಪುಟ ತಿರುವಿಸಿ ಮಾತು ದಾಖಲಿಸಿ. ಬರಿದೇ ಪ್ರಶ್ನೆ ಕೇಳಿದರೆ ನೆನಪಾಗದ್ದು ಪಟ್ಟಿಯ ಒಂದು ಸಾಲು ಕಂಡರೆ ನೆನಪಾಗುತ್ತದೆ.